ತಿಳಿಯಲಿಲ್ಲವೆಂದು ಹೇಳುವ ಹಕ್ಕು

ಕಾದಂಬರಿಯೊಂದು ಅರ್ಥವಾಗದಿದ್ದರೆ ನಮ್ಮ ಗಿರಣಿ ಕಾರ್ಮಿಕನೂ ಅಂಗಡಿಕಾರನೂ ತನ್ನ ವಿದ್ಯೆಯೇ ಸಾಲದೆಂದು ತಲೆ ತಗ್ಗಿಸುತ್ತಾನೆ. ಲೇಖಕ ಎದುರು ಸಿಕ್ಕರೆ ‘ಬಹಳ ಸೊಗಸಾಗಿದೆ’ ಎನ್ನುತ್ತಾನೆ. ಇದು ಮರ್ಯಾದೆಯಲ್ಲ, ಮುಖ ನೋಡಿ ಮಣೆ ಹಾಕುವುದು ಎಂದೇ ನಾವು ಹೇಳುತ್ತೇವೆ.

1924ರಲ್ಲಿ ಅಮೆರಿಕದ ಫಿಟ್ಸ್‌ಜೆರಾಲ್ಡ್ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಹಸ್ತಪ್ರತಿಯನ್ನು ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸರಿಗೆ ಕಳುಹಿಸಿದರು. ಪರ್ಕಿನ್ಸ್ ಮನಸಾರೆ ಮೆಚ್ಚಿದರು. ಆದರೆ ನಾಯಕನೇ ಮಸುಕಾಗಿದ್ದಾನೆ, ಅವನಿಗೆ ಹಣ ಎಲ್ಲಿಂದ ಬಂತೆಂಬುದಕ್ಕೆ ಓದುಗನಿಗೆ ಸುಳಿವಾದರೂ ಬೇಕು ಎಂದೂ ಬರೆದರು. ಲೇಖಕರು ಮುನಿಯಲಿಲ್ಲ. ಆ ಚಿತ್ರ ತಮಗೇ ಸ್ಪಷ್ಟವಿರಲಿಲ್ಲವೆಂದು ಒಪ್ಪಿ, ಅಚ್ಚಿನ ಕರಡಿನಲ್ಲೇ ತಿದ್ದಿದರು. ಪುಸ್ತಕ 1925ರ ಏಪ್ರಿಲಿನಲ್ಲಿ ಹೊರಬಂತು.

ನೇಯ್ದವನಿಗೆ ಕಾಣದ ತಪ್ಪು ಉಟ್ಟವನಿಗೆ ಕಾಣುತ್ತದೆ. ಹಾಗೆಂದು ‘ಏನೂ ತಿಳಿಯಲಿಲ್ಲ’ ಎಂದು ಪುಸ್ತಕವನ್ನು ಬಿಸಾಡುವುದೂ ವಿಮರ್ಶೆಯಲ್ಲ. ಯಾವ ಪುಟದಲ್ಲಿ ದಾರಿ ತಪ್ಪಿತು, ಯಾರನ್ನು ಯಾರೆಂದು ತಿಳಿದೆವು, ಅದನ್ನು ಹೇಳಬೇಕು. ತಿದ್ದುವ ಬಗೆ ಲೇಖಕನಿಗೆ ಬಿಟ್ಟದ್ದು. ದುಡಿದ ಕಾಸು ಕೊಟ್ಟು ಓದುವವನಿಗೆ ಇಷ್ಟು ಹೇಳುವ ಹಕ್ಕಿದೆ; ಹೊಣೆಯೂ ಇದೆ.