ಲೆಕ್ಕವರಿಯದ ಗಂಧರ್ವ

ಅಥಣಿ ಸೀಮೆಯ ಕೊಕಟನೂರು ಯಲ್ಲಮ್ಮನ ಊರು. ಅಲ್ಲಿಂದ ಪಡುವಣಕ್ಕೆ ಕಾಗವಾಡವನ್ನು ದಾಟಿದರೆ ಮಿರಜ. ಮೂಡಣಕ್ಕೆ ಜಮಖಂಡಿಯನ್ನು ದಾಟಿದರೆ ಬೀಳಗಿ. ಮರಾಠಿ ರಂಗಭೂಮಿಯ ಮಹಾನಟರೊಬ್ಬರ ಬಾಳು ಈ ಎರಡು ಊರುಗಳಿಗೆ ಗಂಟುಬಿದ್ದಿದೆ. ಅವರು ಮೊದಲ ಬಾರಿ ಬಣ್ಣ ಹಚ್ಚಿದ್ದು ಮಿರಜದಲ್ಲಿ. ಅವರ ಮುಪ್ಪಿಗೆ ಊರುಗೋಲಾದವರು ಬೀಳಗಿಯ ಹೆಣ್ಣುಮಗಳು. ನಾರಾಯಣ ಶ್ರೀಪಾದ ರಾಜಹಂಸ ಎಂಬುದು ಅವರ ಮನೆಯ ಹೆಸರು. ಲೋಕವು ಅವರನ್ನು ಬಲ್ಲುದು ಬಾಲಗಂಧರ್ವರೆಂದು. ಎಳೆಯ ವಯಸ್ಸಿನ ಹಾಡಿಕೆಯನ್ನು ಕೇಳಿ ಆ ಹೆಸರನ್ನಿತ್ತವರು ಲೋಕಮಾನ್ಯ ತಿಲಕರು.

1888ರಲ್ಲಿ ಹುಟ್ಟಿದ ಈ ಹುಡುಗನಿಗೆ ದೇವರು ಕಂಠವನ್ನು ಕೊಟ್ಟು ಕಿವಿಯನ್ನು ಮಂದಗೊಳಿಸಿದ್ದನು. ಚಿಕಿತ್ಸೆಗೆಂದು ಮಿರಜದ ಮಿಷನ್ ಆಸ್ಪತ್ರೆಗೆ ಕಳುಹಿಸಿದವರು ಕೊಲ್ಹಾಪುರದ ಶಾಹೂ ಮಹಾರಾಜರು. ಆಗ ಕಿರ್ಲೋಸ್ಕರ ನಾಟಕ ಮಂಡಳಿಗೆ ಸ್ತ್ರೀಪಾತ್ರಧಾರಿಯೊಬ್ಬನು ಬೇಕಾಗಿದ್ದನು. ಗೋವಿಂದ ಬಲ್ಲಾಳ ದೇವಲರು ತಿದ್ದಿ ತೀಡಿದರು. 1905ರಲ್ಲಿ ಮಿರಜದ ರಂಗದ ಮೇಲೆ ಶಕುಂತಲೆ ನಡೆದುಬಂದಳು. ಆ ಮಂಡಳಿಯ ಮೂಲಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದನ್ನೂ, ಅವರಿಗಿಂತ ಮೊದಲು ಸಾಂಗಲಿಯ ವಿಷ್ಣುದಾಸ ಭಾವೆಯವರು 1843ರಲ್ಲಿ ನಾಟಕವಾಡಲು ಕರ್ಕಿಯ ಭಾಗವತರ ಆಟವೇ ಪ್ರೇರಣೆಯಾಯಿತೆಂಬುದನ್ನೂ ನೆನೆದರೆ, ಗಡಿಯ ಈಚೆಯ ಕನ್ನಡಿಗರು ಈ ಗಂಧರ್ವರನ್ನು ಪರಕೀಯರೆನ್ನಲಾರರು.

ಅವರ ಕಲೆಯ ಹಿರಿಮೆ ಎಲ್ಲಿದ್ದಿತು? ಗಂಡು ಹೆಣ್ಣಿನ ವೇಷ ಧರಿಸುವುದು ಅಂದಿನ ರೂಢಿ, ಅದರಲ್ಲಿ ಸೋಜಿಗವಿಲ್ಲ. ಆದರೆ ಕುಲೀನ ಮನೆತನದ ಹೆಂಗಸರೇ ಬಾಲಗಂಧರ್ವರ ಸೀರೆಯ ನಿರಿಗೆಯನ್ನೂ ಮುಡಿಯ ಹೂವನ್ನೂ ನೋಡಿ ಅನುಕರಿಸತೊಡಗಿದರು. ಧಾರವಾಡದಲ್ಲಿ ಕೆಲಕಾಲ ಸಂಗೀತ ಕಲಿಸಿದ್ದ ಭಾಸ್ಕರಬುವಾ ಬಖಲೆಯವರು ಅವರ ಗುರುಗಳು. ಗುರುವಿನಿಂದ ಪಡೆದ ರಾಗವಿದ್ಯೆಯನ್ನು ಅವರು ಮಾತಿನಷ್ಟು ಸಹಜವಾಗಿ ಹಾಡಿದರು. 1916ರ ‘ಸ್ವಯಂವರ’ದ ರುಕ್ಮಿಣಿಯಾಗಿ ಬೆಳಗಿದವರೇ, ಮೂರು ವರ್ಷಗಳ ತರುವಾಯ ಗಡಕರಿಯವರ ‘ಏಕಚ್ ಪ್ಯಾಲಾ’ದಲ್ಲಿ ಕುಡುಕನ ಹೆಂಡತಿ ಸಿಂಧುವಾಗಿ ಬಡತನದ ಸೀರೆಯನ್ನುಟ್ಟು ನಿಂತರು. ಜರತಾರಿಯಿಲ್ಲದೆಯೂ ಗಂಧರ್ವರು ಗಂಧರ್ವರೇ ಎಂಬುದು ಅಂದು ಸಿದ್ಧವಾಯಿತು.

1911ರ ಮಾರ್ಚ್ 12ರಂದು ಮುಂಬಯಿಯಲ್ಲಿ ‘ಮಾನಾಪಮಾನ’ದ ಮೊದಲ ಪ್ರಯೋಗ. ಅದೇ ದಿನ ಮನೆಯಲ್ಲಿ ಎಳೆಯ ಮಗಳು ತೀರಿಕೊಂಡಳು. ಆಟ ನಿಲ್ಲಲಿಲ್ಲ. ಭಾಮಿನಿಯ ಪಾತ್ರವನ್ನು ಅವರು ಆಡಿಯೇ ಆಡಿದರು. ಇದನ್ನು ಕಲಾನಿಷ್ಠೆಯೆಂದು ಕೊಂಡಾಡುವುದು ವಾಡಿಕೆ. ನಿಷ್ಠೆಯೇನೋ ಹೌದು, ಆದರೆ ರಂಗದ ಹೊರಗಿನ ಬಾಳಿಗೆ ಆ ನಿಷ್ಠೆ ಎಷ್ಟು ನಿಷ್ಕರುಣವಾಗಿದ್ದಿತೆಂಬುದೂ ಅದರಲ್ಲಿಯೇ ಕಾಣುತ್ತದೆ.

1913ರಲ್ಲಿ ಗಣಪತರಾವ ಬೋಡಸ ಮತ್ತು ಗೋವಿಂದರಾವ ಟೇಂಬೆಯವರೊಡನೆ ಗಂಧರ್ವ ನಾಟಕ ಮಂಡಳಿ ತಲೆಯೆತ್ತಿತು. ಪ್ರೇಕ್ಷಕನನ್ನು ಅವರು ಮನೆಗೆ ಬಂದ ಅತಿಥಿಯೆಂದೇ ಬಗೆದರು. ಅತಿಥಿಗೆ ಉಣಬಡಿಸುವಾಗ ಲೆಕ್ಕ ನೋಡುವುದುಂಟೆ? ನಿಜವಾದ ಬೆಲೆಯುಳ್ಳ ಸೀರೆಗಳು, ಅತ್ತರು, ಭಾರಿ ದೃಶ್ಯಾವಳಿ, ತಬಲಕ್ಕೆ ಅಹಮದ್‌ಜಾನ್ ತಿರಕವಾ, ಸಾರಂಗಿಗೆ ಕಾದರ್‌ಬಕ್ಷ್! ಅರಮನೆಗಳಿಗೆ ಒಪ್ಪುವ ವೈಭವವು ಟಿಕೀಟು ಮಾರಿ ಬದುಕುವ ಮಂಡಳಿಗೆ ಬಂದಿತು. 1921ರ ಜುಲೈ 8ರಂದು ಅವರು ಪ್ರತಿಸ್ಪರ್ಧಿ ಕೇಶವರಾವ ಭೋಸಲೆಯವರೊಡನೆ ಕೂಡಿ ತಿಲಕ ಸ್ವರಾಜ್ಯ ನಿಧಿಗಾಗಿ ‘ಸಂಯುಕ್ತ ಮಾನಾಪಮಾನ’ವನ್ನು ಆಡಿದರು, ಜನ ಹುಚ್ಚೆದ್ದು ಕೂಡಿತು. ಅದೇ ವರ್ಷದಲ್ಲಿ ಮಂಡಳಿಯ ಲೆಕ್ಕಪುಸ್ತಕ ತೆರೆದಾಗ ಕಂಡದ್ದು ಲಕ್ಷ ರೂಪಾಯಿಗೂ ಮೀರಿದ ಸಾಲ. ದೇಶದ ನಿಧಿಗೆ ಹಾಡಿದ ಕಂಠವು ಅಂದಿನಿಂದ ಸಾಲಗಾರರಿಗಾಗಿ ಹಾಡಬೇಕಾಯಿತು. ವರ್ಷಾನುಗಟ್ಟಲೆ ಆಡಿ ಅವರು ಆ ಋಣವನ್ನು ತೀರಿಸಿದರು. ತೀರಿಸುವಾಗಲೂ ಅತ್ತರಿನ ಘಮ ಕುಂದಲಿಲ್ಲ.

ಅಷ್ಟರಲ್ಲಿ ಮಾತನಾಡುವ ಚಿತ್ರ ಬಂದಿತು. ಪ್ರಭಾತ್ ಸಂಸ್ಥೆಯ ಶಾಂತಾರಾಮರು 1935ರಲ್ಲಿ ಅವರನ್ನು ‘ಧರ್ಮಾತ್ಮಾ’ದ ಏಕನಾಥನನ್ನಾಗಿ ಮಾಡಿದರು. ಅಸ್ಪೃಶ್ಯತೆಯನ್ನು ಖಂಡಿಸಿದ ಆ ಚಿತ್ರಕ್ಕೆ ಮೊದಲಿಟ್ಟ ಹೆಸರು ‘ಮಹಾತ್ಮಾ’. ಸೆನ್ಸಾರಿನವರು ಅದನ್ನು ಒಪ್ಪಲಿಲ್ಲ. ಪ್ರಭಾತದೊಡನೆ ಅವರ ಸಂಬಂಧ ಆ ಒಂದು ಚಿತ್ರಕ್ಕೇ ಮುಗಿಯಿತು. ‘ಇನ್ನೊಮ್ಮೆ’ ಎಂಬ ಕೂಗಿಗೆ ಓಗೊಟ್ಟು ಒಂದೇ ಪದವನ್ನು ಹತ್ತು ಬಗೆಯಲ್ಲಿ ಹಾಡುತ್ತಿದ್ದ ಗಾಯಕನಿಗೆ ಕ್ಯಾಮೆರಾದ ಮೂಕ ಕಣ್ಣು ಏನನ್ನು ಕೊಟ್ಟೀತು? 1937ರಲ್ಲಿ ‘ಸಾಧ್ವೀ ಮೀರಾಬಾಯಿ’ಯಾಗಿ ಮತ್ತೆ ತೆರೆಗೆ ಬಂದಾಗ ಅವರ ವಯಸ್ಸು ಐವತ್ತರ ಅಂಚಿನಲ್ಲಿದ್ದಿತು. ರಂಗದ ದೀಪ ಮರೆಮಾಡುತ್ತಿದ್ದುದನ್ನು ತೆರೆ ಮರೆಮಾಡಲಿಲ್ಲ.

1938ರಲ್ಲಿ ಮಂಡಳಿಗೆ ಬಂದವರು ಬೀಳಗಿಯ ಗೋಹರಬಾಯಿ ಕರ್ನಾಟಕಿ. ಹಿಂದಿ ಚಿತ್ರಗಳಲ್ಲಿ ಹೆಸರಾದ ಗಾಯಕಿ ಅಮೀರಬಾಯಿ ಇವರ ತಂಗಿ. ಗೋಹರರು ಬಾಲಗಂಧರ್ವರ ಗಾಯನವನ್ನು ಆರಾಧಿಸಿ, ಅದರ ಧಾಟಿಯನ್ನೇ ತಮ್ಮದನ್ನಾಗಿ ಮಾಡಿಕೊಂಡಿದ್ದರು. ಹೆಣ್ಣನ್ನು ಹೆಣ್ಣಿಗಿಂತ ಚೆನ್ನಾಗಿ ಆಡಿದ ಗಂಡಿನಿಂದ ಹೆಣ್ಣೊಬ್ಬಳು ಪಾಠ ಕಲಿತು, ಅವರ ಪಕ್ಕದಲ್ಲಿಯೇ ಬಣ್ಣ ಹಚ್ಚಿದಳು! 1940ರಲ್ಲಿ ಪತ್ನಿ ಲಕ್ಷ್ಮೀಬಾಯಿಯವರು ನಿಧನರಾದರು. 1951ರಲ್ಲಿ ಬಾಲಗಂಧರ್ವರು ಗೋಹರರನ್ನು ಮದುವೆಯಾದರು.

ಇದನ್ನು ಅಭಿಮಾನಿಗಳು ಸಹಿಸಲಿಲ್ಲ. ಗಂಧರ್ವರ ಸಿರಿಯನ್ನು ಹಾಳುಮಾಡಿದವಳು ಇವಳೇ ಎಂಬ ಮಾತು ಹುಟ್ಟಿ ಬಹುಕಾಲ ಉಳಿಯಿತು. ಲಕ್ಷ್ಮೀಬಾಯಿಯವರ ಪಾಲಿನ ನೋವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಸಿರಿಯ ಮಾತಿಗೆ ಇಸವಿಗಳೇ ಉತ್ತರ ಹೇಳುತ್ತವೆ: ಸಾಲ ಕಂಡದ್ದು 1921ರಲ್ಲಿ, ಚಲಚ್ಚಿತ್ರದ ಸೋಲು 1937ರೊಳಗೆ, ಗೋಹರರು ಕಾಲಿಟ್ಟದ್ದು 1938ರಲ್ಲಿ. ಅವರು ಬಂದದ್ದು ತುಂಬಿದ ಮನೆಗಲ್ಲ, ಬರಿದಾದ ಮನೆಗೆ. ಅನ್ಯಮತದ, ಅನ್ಯಭಾಷೆಯ ಹೆಣ್ಣಿನ ತಲೆಗೆ ದೋಷವನ್ನು ಕಟ್ಟುವುದು ಸುಲಭವಾಗಿತ್ತು. ತಾವು ಪೂಜಿಸಿದ ನಟನ ಕೈಗೆ ಅಳತೆಯಿರಲಿಲ್ಲವೆಂದು ಒಪ್ಪುವುದು ಕಷ್ಟವಾಗಿತ್ತು. ಅವರ ಕಾಲುಗಳ ಶಕ್ತಿ ಉಡುಗಿದ ಮೇಲೆಯೂ ಆ ಬೀಳಗಿಯ ಹೆಣ್ಣು ಬಿಟ್ಟುಹೋಗಲಿಲ್ಲ.

1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. 1964 ಒಂದು ಕೈಯಿಂದ ಪದ್ಮಭೂಷಣವನ್ನು ಕೊಟ್ಟು, ಇನ್ನೊಂದು ಕೈಯಿಂದ ಗೋಹರರನ್ನು ಕೊಂಡೊಯ್ದಿತು. 1967ರ ಜುಲೈ 15ರಂದು ಬಾಲಗಂಧರ್ವರೂ ಪುಣೆಯಲ್ಲಿ ಕಣ್ಮುಚ್ಚಿದರು. ಮರುವರ್ಷ ಅವರ ಹುಟ್ಟುಹಬ್ಬವಾದ ಜೂನ್ 26ರಂದು ಅವರ ಹೆಸರಿನ ರಂಗಮಂದಿರ ಅದೇ ನಗರದಲ್ಲಿ ಬಾಗಿಲು ತೆರೆಯಿತು. ಅದರ ಅಡಿಗಲ್ಲನ್ನು 1962ರಲ್ಲಿ ಇರಿಸಿದವರು ಅವರೇ.

ಅಳತೆಯರಿತು ಬಾಳಿದ್ದರೆ ಬಾಲಗಂಧರ್ವರು ಸುಖವಾಗಿ ಸಾಯುತ್ತಿದ್ದರೆಂದು ಹೇಳುವವರುಂಟು. ಇರಬಹುದು. ಆದರೆ ಸೀರೆಯ ಬೆಲೆಯನ್ನು ಎಣಿಸದ ಮನಸ್ಸೇ ತಾನವನ್ನೂ ಎಣಿಸದೆ ಸುರಿದದ್ದು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತೆಗೆದುಹಾಕಲು ಬರುವಂತಿಲ್ಲ. ಮೆಚ್ಚುವವರು ಎರಡನ್ನೂ ಕೂಡಿಯೇ ಮೆಚ್ಚಬೇಕು. ಮೆಚ್ಚುವಾಗ, ಆ ದುಂದಿನ ಬೆಲೆ ತೆತ್ತ ಇಬ್ಬರು ಹೆಂಗಸರನ್ನೂ ನೆನೆಯಬೇಕು. ಅವರಲ್ಲೊಬ್ಬರು ಕನ್ನಡನಾಡಿನವರು.