ಎಂಬತ್ತರ ಹತ್ತಿರ

ಮೇ 13, ಮಂಗಳವಾರ. ಗಡಿಯಾಚೆಗಿನ ಯುದ್ಧದ ಸುದ್ದಿ ತಣ್ಣಗಾಗಿ ಮೂರು ದಿನವಾಗಿತ್ತಷ್ಟೇ. ಹೊರಗೆ ನೋಯ್ಡಾದ ಮೇ ತಿಂಗಳ ಬಿಸಿಲು. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಹತ್ತು ನಿಮಿಷಕ್ಕೆ ಹಪ್ಪಳದಂತಾಗುವ ಹೊತ್ತು. ಸಿಬಿಎಸ್‌ಇ ಹನ್ನೆರಡನೇ ತರಗತಿ ಫಲಿತಾಂಶ ಬಂತು ಎಂದು ನನಗೆ ಮೊದಲು ತಿಳಿಸಿದ್ದು ಬೋರ್ಡಲ್ಲ, ಶಾಲೆಯಲ್ಲ, ಪಕ್ಕದ ಕೋಣೆಯಲ್ಲೇ ಕೂತಿದ್ದ ಮಗಳೂ ಅಲ್ಲ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪು. "96.8, ದೇವರ ದಯೆ" ಎಂದು ಮೂರನೇ ಟವರಿನವರು ಬರೆದಿದ್ದರು. ಅದರ ಕೆಳಗೆ ಸಾಲುಸಾಲು ಲಾಡುಗಳ ಚಿತ್ರ, ಚಪ್ಪಾಳೆ, ಹೂಗುಚ್ಛ.

ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಶಾಲೆಯವರು ಕೊಟ್ಟಿದ್ದ ಆರಂಕಿಯ ಕೋಡ್ ಹಾಕಿ ಡಿಜಿಲಾಕರಿನಲ್ಲಿ ಅಂಕಪಟ್ಟಿ ತೆಗೆದು ಆಗಲೇ ನೋಡಿಯಾಗಿತ್ತಂತೆ. ಇಪ್ಪತ್ತು ನಿಮಿಷದ ಮೇಲೆ ಹೊರಬಂದು ಫೋನನ್ನು ಊಟದ ಮೇಜಿನ ಮೇಲಿಟ್ಟು ಮತ್ತೆ ಒಳಗೆ ಹೋದಳು. ಇಂಗ್ಲಿಷ್ 86, ಫಿಸಿಕಲ್ ಎಜುಕೇಶನ್ 78, ಬಿಸಿನೆಸ್ ಸ್ಟಡೀಸ್ 73, ಅಕೌಂಟೆನ್ಸಿ 64, ಎಕನಾಮಿಕ್ಸ್ 61. ನಾನು ಕೂಡಿಸಿದೆ. 362. ಐದರಿಂದ ಭಾಗಿಸಿದೆ. 72.4. ಇನ್ನೊಮ್ಮೆ ಕೂಡಿಸಿದೆ, ಎಲ್ಲಾದರೂ ತಪ್ಪಿರಬಹುದೇ ಎಂದು. ತಪ್ಪಿರಲಿಲ್ಲ.

ಅಷ್ಟರಲ್ಲಿ ದಾವಣಗೆರೆಯಿಂದ ನನ್ನ ಓರಗಿತ್ತಿಯ ಫೋನು. ಅವರ ಮಗ ಏಪ್ರಿಲ್‌ನಲ್ಲಿ ಸೆಕೆಂಡ್ ಪಿಯುಸಿಯಲ್ಲಿ ತೊಂಬತ್ತನಾಲ್ಕು ತೆಗೆದಿದ್ದ.

"ರಿಸಲ್ಟ್ ಬಂತಂತಲ್ಲ, ಟೀವಿಯಾಗೆ ಹೇಳಿದ್ರು. ಎಷ್ಟಾತು ನಮ್ಮ ಹುಡುಗೀದು?"

"ಎಂಬತ್ತರ ಹತ್ತಿರ ಅಕ್ಕ," ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ತಾನಾಗಿ ಬಂತು. "ಒಳ್ಳೇದಾತು ಬಿಡು" ಎಂದರು ಅವರು. ಫೋನಿಟ್ಟು ತಿರುಗಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು. ನೀರು ಕುಡಿಯಲು ಬಂದವಳು.

"ಎಷ್ಟು ಸೇರಿಸಿದೆ ಅಮ್ಮ? ಏಳೂವರೆನಾ?"

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ಬಾಟಲಿ ತುಂಬಿಕೊಂಡು ಒಳಗೆ ಹೋದಳು. ಬೆಳಗಿನಿಂದ ಅವಳಿಗೆ ಬಂದ ಅಂಕ ಅವಳನ್ನು ಅಷ್ಟು ನೋಯಿಸಿರಲಿಲ್ಲ, ನಾನು ಸೇರಿಸಿದ ಅಂಕ ನೋಯಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆ ದಿನ ಎಷ್ಟು ಮನೆಗಳಲ್ಲಿ ಇಂಥದೇ ಒಂದು ಫೋನು ನಡೆದಿರಬಹುದು ಎಂದು ಅನ್ನಿಸುವುದರಿಂದ ಬರೆಯುತ್ತಿದ್ದೇನೆ.

ಸಂಜೆ ನಮ್ಮನೆಯವರು ಸೆಕ್ಟರ್ 62ರ ಆಫೀಸಿನಿಂದ ಬಂದ ಮೇಲೆ ಇಬ್ಬರೂ ಕೂತು ಲೆಕ್ಕ ನೋಡಿದೆವು. ಮಗಳ ಲೆಕ್ಕವಲ್ಲ, ದೇಶದ ಲೆಕ್ಕ. 2025ರಲ್ಲಿ ಹನ್ನೆರಡನೇ ತರಗತಿ ಪರೀಕ್ಷೆ ಬರೆದವರು ಸುಮಾರು 17 ಲಕ್ಷ. ಅವರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಬಂದದ್ದು 1 ಲಕ್ಷ 11 ಸಾವಿರದಷ್ಟು ಮಕ್ಕಳಿಗೆ. ಎಂದರೆ ನೂರರಲ್ಲಿ ಏಳು ಜನರೂ ಇಲ್ಲ. ತೊಂಬತ್ತೈದು ದಾಟಿದವರು 25 ಸಾವಿರ. ನೂರಕ್ಕೆ ಒಂದೂವರೆ! ದೇಶದಲ್ಲಿ ಪಾಸಾದವರು ಶೇಕಡಾ 88.39. ನಮ್ಮ ನೋಯ್ಡಾ ವಲಯದಲ್ಲಿ 81.29. ಅಂದರೆ ಈ ವಲಯದಲ್ಲಿ ಪರೀಕ್ಷೆ ಬರೆದ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಹತ್ತೊಂಬತ್ತು ಜನ ಆ ದಿನ ಪಾಸಾಗಿರಲಿಲ್ಲ.

ಆ ಹತ್ತೊಂಬತ್ತು ಜನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲಿದ್ದರು? ಎಪ್ಪತ್ತರವರು, ಅರವತ್ತರವರು ಎಲ್ಲಿದ್ದರು? ಆರುನೂರು ಫ್ಲ್ಯಾಟಿನ ಸೊಸೈಟಿಯಲ್ಲಿ ಆ ದಿನ ಅಂಕ ಹೇಳಿಕೊಂಡವರು ಒಂಬತ್ತು ಮನೆಯವರು. ಮಿಕ್ಕವರೆಲ್ಲ ನನ್ನ ಹಾಗೆ ಲಾಡುವಿನ ಚಿತ್ರ ಕಳಿಸಿ ಸುಮ್ಮನಾಗಿದ್ದರು. ಮರುವಾರ ಸೆಕ್ಟರಿನ ರಸ್ತೆಗಳಲ್ಲಿ ಶಾಲೆಗಳ, ಕೋಚಿಂಗ್‌ನವರ ಫ್ಲೆಕ್ಸುಗಳು ಎದ್ದವು. ಅಲ್ಲೂ ಅವೇ ತೊಂಬತ್ತೇಳು, ತೊಂಬತ್ತೆಂಟರ ಮುಖಗಳು. ನೂರಕ್ಕೆ ಒಂದೂವರೆ ಮಂದಿಯನ್ನು ನೋಡಿ ನೋಡಿ, ಎಲ್ಲರ ಮಕ್ಕಳೂ ಹೀಗೇ ಇದ್ದಾರೆ, ನಮ್ಮದೊಂದೇ ಹಿಂದೆ ಬಿದ್ದಿದೆ ಎಂದು ಕಣ್ಣು ನಂಬುತ್ತದೆ.

ಇನ್ನೊಂದು ಮಾತು. ಮೆರಿಟ್ ಪಟ್ಟಿ ಪ್ರಕಟಿಸುವುದನ್ನು ಬೋರ್ಡ್ ನಿಲ್ಲಿಸಿ ಕೆಲವು ವರ್ಷಗಳಾದವು. ಫಸ್ಟ್ ಡಿವಿಷನ್, ಸೆಕೆಂಡ್ ಡಿವಿಷನ್ ಎಂದೂ ಕೊಡುವುದಿಲ್ಲ. ಒಟ್ಟು ಶೇಕಡಾವಾರನ್ನೂ ಅದು ಲೆಕ್ಕ ಹಾಕುವುದಿಲ್ಲ. ಮಗಳ ಅಂಕಪಟ್ಟಿಯಲ್ಲಿ 72.4 ಎಂಬ ಸಂಖ್ಯೆಯೇ ಇಲ್ಲ. ಅದನ್ನು ಊಟದ ಮೇಜಿನ ಮೇಲೆ ಹುಟ್ಟಿಸಿದವಳು ನಾನು. ಅದರಿಂದ ಎಂಬತ್ತನ್ನು ಹುಟ್ಟಿಸಿದವಳೂ ನಾನೇ.

ಯಾಕೆ ಹಾಗೆ ಮಾಡಿದೆ? ರಾತ್ರಿ ನಿದ್ದೆ ಬಾರದೆ ಇದನ್ನೇ ಯೋಚಿಸಿದೆ. ಓರಗಿತ್ತಿ ಕೆಟ್ಟವರಲ್ಲ, ಆಡಿಕೊಳ್ಳುವವರೂ ಅಲ್ಲ. ಅವರಿಗೆ ಹೆದರಿ ಹೇಳಿದ ಸುಳ್ಳಲ್ಲ ಇದು. 2010ರಲ್ಲಿ ನಾವು ದಾವಣಗೆರೆ ಬಿಟ್ಟು ಹೊರಟಾಗ ಮಗಳಿಗೆ ಎರಡು ವರ್ಷ. "ಅಷ್ಟು ದೂರ ಹೋಗಿ ಏನು ಮಾಡ್ತೀರಿ?" ಎಂದು ಮನೆಯವರೆಲ್ಲ ಕೇಳಿದ್ದರು. "ಮಗೂಗೆ ಒಳ್ಳೆ ಶಾಲೆ ಸಿಗುತ್ತೆ" ಎಂದಿದ್ದೆವು. ನಿಜವೆಂದರೆ ನಾವು ಹೊರಟದ್ದು ಸಂಬಳಕ್ಕಾಗಿ. ಆದರೆ ಸಂಬಳಕ್ಕೆ ಎನ್ನುವುದಕ್ಕಿಂತ ಮಗುವಿಗೆ ಎನ್ನುವುದು ಕೇಳಲು ಚೆನ್ನಾಗಿತ್ತು. ಅತ್ತೆ ಕಾಯಿಲೆ ಬಿದ್ದಾಗ ಹೋಗಲಾಗದ್ದಕ್ಕೆ, ಮಾವನವರ ಕೊನೆಗಾಲಕ್ಕೆ ಎರಡು ದಿನ ತಡವಾಗಿ ತಲುಪಿದ್ದಕ್ಕೆ, ಹಬ್ಬಗಳಿಗೆಲ್ಲ ವಿಡಿಯೊ ಕಾಲ್‌ನಲ್ಲೇ ಆರತಿ ಎತ್ತಿದ್ದಕ್ಕೆ, ಎಲ್ಲಕ್ಕೂ ನಾವು ಕೊಟ್ಟ ಕಾರಣ ಒಂದೇ: ಮಗಳ ಓದು.

ಹದಿನೈದು ವರ್ಷದ ಆ ಸಾಲವನ್ನು ಹದಿನೇಳು ವರ್ಷದ ಹುಡುಗಿ ಐದು ಪೇಪರಿನಲ್ಲಿ ತೀರಿಸಬೇಕಿತ್ತು. ಅವಳು ತೀರಿಸಲಿಲ್ಲವೆಂದು ನಾನು ನನ್ನ ಕೈಯಿಂದ ಏಳೂವರೆ ಹಾಕಿ ಕಟ್ಟಿದೆ. ಅವಳು ಆ ಸಾಲಪತ್ರಕ್ಕೆ ಸಹಿ ಹಾಕಿರಲೇ ಇಲ್ಲ. ಊರು ಬಿಟ್ಟವರು ನಾವು. ಅದರ ಲಾಭನಷ್ಟ ನಮ್ಮದು.

ಅದೇ ತಿಂಗಳು ಊರಿನ ಕಡೆಯಿಂದ ಬಂದ ಒಂದು ಸುದ್ದಿ ನಿಮಗೂ ನೆನಪಿರಬಹುದು. ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. 22 ಮಕ್ಕಳು 625ಕ್ಕೆ 625 ತೆಗೆದಿದ್ದರು. ಎಲ್ಲ ಪತ್ರಿಕೆಗಳಲ್ಲೂ ಅವರ ಫೋಟೊ. ಅದರ ಬೆನ್ನಿಗೇ ಬಾಗಲಕೋಟೆಯಿಂದ ಇನ್ನೊಂದು ಫೋಟೊ ಬಂತು. ಆರೂ ವಿಷಯಗಳಲ್ಲಿ ಫೇಲಾದ ಹುಡುಗನೊಬ್ಬನಿಗೆ ಅಪ್ಪ ಅಮ್ಮ ಕೇಕ್ ತಂದು ಕತ್ತರಿಸಿ ತಿನ್ನಿಸುತ್ತಿದ್ದಾರೆ. ಕೇಕಿನ ಮೇಲೆ ಅವನಿಗೆ ಬಂದ ಅಂಕವನ್ನೂ ಬರೆಸಿದ್ದರು. ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಹೊಗಳಿದವರೂ ಇದ್ದರು. ಫೇಲಾದದ್ದಕ್ಕೂ ಕೇಕೇ, ಹೀಗಾದರೆ ಮಕ್ಕಳು ಓದುತ್ತಾರೆಯೇ ಎಂದವರೂ ಇದ್ದರು. ಮೇ 13ರವರೆಗೆ ನಾನೂ ಎರಡನೇ ಗುಂಪಿನಲ್ಲೇ ಇದ್ದೆ.

ಈಗ ಬೇರೆಯಾಗಿ ಕಾಣುತ್ತದೆ. ಕೇಕ್ ಮುಖ್ಯವಲ್ಲ. ಆ ತಂದೆತಾಯಿ ಅಂಕವನ್ನು ಇದ್ದಷ್ಟೇ ಹೇಳಿದರು. ನಾಲ್ಕು ಜನರೆದುರಿಗೆ, ಅವರೇ ಮೊದಲು ಹೇಳಿದರು. ಆಮೇಲೆ ಆ ಹುಡುಗನಿಗೆ ಬಚ್ಚಿಡಲು ಏನೂ ಉಳಿಯಲಿಲ್ಲ. ಮತ್ತೆ ಪರೀಕ್ಷೆ ಬರೆಯುತ್ತೇನೆ ಎಂದು ಅವನು ಹೇಳಿದ್ದೂ ವರದಿಯಾಗಿತ್ತು. 2025ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಇದ್ದವು. ಬರೆಯಲು ದಾರಿಯೂ ಇತ್ತು. ಆರೂ ವಿಷಯ ಫೇಲಾದವನ ಮನೆಯಲ್ಲಿ ಇದ್ದ ಧೈರ್ಯ, ಐದೂ ವಿಷಯ ಪಾಸಾದವಳ ನಮ್ಮ ಮನೆಯಲ್ಲಿ ಇರಲಿಲ್ಲ.

ಇದು ಬರೀ ಮನಸ್ಸಿನ ನೋವಿನ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರ ಲೆಕ್ಕದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13 ಸಾವಿರಕ್ಕೂ ಹೆಚ್ಚು ಎಂದಿದೆ. ಆ ವರ್ಷ ಪರೀಕ್ಷೆಯಲ್ಲಿ ಫೇಲಾದದ್ದೇ ಕಾರಣವೆಂದು ಬರೆದುಕೊಂಡ ಸಾವುಗಳೇ 2 ಸಾವಿರ ದಾಟಿವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣಗಳಿರುತ್ತವೆ, ನಾನು ತೀರ್ಪು ಕೊಡಲಾರೆ. ಆದರೆ ಬಾಗಿಲು ಹಾಕಿಕೊಂಡ ಕೋಣೆಯೊಳಗಿನ ಮಗುವಿಗೆ ಹೊರಗೆ ಅಮ್ಮ ಫೋನಿನಲ್ಲಿ ಏನು ಹೇಳುತ್ತಿದ್ದಾಳೆ ಎಂಬುದು ಕೇಳಿಸುತ್ತಿರುತ್ತದೆ. ಅಷ್ಟು ನನಗೆ ಈಗ ಗೊತ್ತು.

ಹಾಗಾಗಿ ಮುಂದಿನ ವರ್ಷ ಈ ಸಾಲಿನಲ್ಲಿ ನಿಲ್ಲುವವರಿಗೆ ಕೆಲವು ಮಾತು. ಫಲಿತಾಂಶದ ದಿನ ಅಂಕ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಮಗುವನ್ನೇ ಕೇಳಿ. "ಅವಳೇ ಫೋನ್ ಮಾಡ್ತಾಳೆ" ಎಂದು ನೆಂಟರಿಗೆ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಒಂದು ವಿಷಯದಲ್ಲಿ ಹೋಗಿದ್ದರೆ ಜುಲೈನಲ್ಲಿ ಸಪ್ಲಿಮೆಂಟರಿ ಇದೆ. 2025ರಲ್ಲಿ ಹನ್ನೆರಡನೇ ತರಗತಿಯಲ್ಲಿ ಹಾಗೆ ಉಳಿದುಕೊಂಡವರೇ 1 ಲಕ್ಷ 29 ಸಾವಿರ, ನಿಮ್ಮ ಮಗು ಒಂಟಿಯಲ್ಲ. ಅಂಕ ಕಡಿಮೆ ಬಂತೆಂಬ ಅನುಮಾನವಿದ್ದರೆ ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿ, ಆಮೇಲೆ ಮರುಮೌಲ್ಯಮಾಪನದ ಮಾತು. 2025ರಿಂದ ಕ್ರಮವೂ ಹಾಗೇ ಇದೆ, ನಕಲು ಮೊದಲು. ಮಗು ಊಟ ಬಿಟ್ಟರೆ, ಮಾತು ಬಿಟ್ಟರೆ, ಬೋರ್ಡಿನ ಆಪ್ತಸಲಹೆಯ ಉಚಿತ ಸಂಖ್ಯೆ 1800-11-8004. ಹೊತ್ತಲ್ಲದ ಹೊತ್ತಿಗೆ ಬೇಕಾದರೆ ಟೆಲಿ-ಮಾನಸ್, 14416. ಅದರ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕನ್ನಡದಲ್ಲೂ ಮಾತನಾಡುತ್ತಾರೆ. ನೋಯ್ಡಾದಲ್ಲಿ ಕೂತು ಕನ್ನಡದಲ್ಲಿ ಅಳಬೇಕೆನಿಸಿದ ತಾಯಂದಿರಿಗೂ ಅದು ಉಪಯೋಗಕ್ಕೆ ಬಂದೀತು.

ಇನ್ನು ಕಾಲೇಜು. ನಮ್ಮ ತಲೆಯೊಳಗೆ ಇನ್ನೂ ಹಳೆಯ ಡೆಲ್ಲಿ ಯೂನಿವರ್ಸಿಟಿಯೇ ಇದೆ. 2011ರಲ್ಲಿ ಶ್ರೀರಾಮ್ ಕಾಮರ್ಸ್ ಕಾಲೇಜು ಕೆಲವರಿಗೆ ನೂರಕ್ಕೆ ನೂರು ಕಟ್‌ಆಫ್ ಇಟ್ಟಿತ್ತಲ್ಲ, ಆ ಕಾಲದ್ದು. 2022ರಿಂದ ಅಲ್ಲಿ ಪದವಿ ಪ್ರವೇಶ ಸಿಯುಇಟಿ ಅಂಕದ ಮೇಲೆ. 2025ರ ಸಿಯುಇಟಿ ಶುರುವಾದದ್ದೂ ಅದೇ ಮೇ 13ಕ್ಕೆ. ಮಗಳ ಪರೀಕ್ಷೆಗೆ ಇನ್ನು ಒಂಬತ್ತು ದಿನ ಇತ್ತು. ಓದಬೇಕಾಗಿದ್ದ ಆ ಒಂಬತ್ತರಲ್ಲಿ ಮೊದಲನೇ ದಿನವನ್ನು ನನ್ನ ಏಳೂವರೆ ಅಂಕ ತಿಂದಿತು.

ಮರುದಿನ ಬೆಳಿಗ್ಗೆ ಸಾಗರಕ್ಕೆ, ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೀಗ ಎಪ್ಪತ್ತಾರು. ಕಿವಿ ಸ್ವಲ್ಪ ಮಂದ, ಅದಕ್ಕೇ ಸ್ಪೀಕರ್ ಹಾಕಿದ್ದೆ. ಮಗಳು ಎದುರಿಗೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು, ನನ್ನ ಮುಖ ನೋಡದೆ. ಅಂಕ ಹೇಳಿದೆ, ಎಪ್ಪತ್ತೆರಡು ಅಂತ. ಓರಗಿತ್ತಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಿಂದು ಎಸ್ಸೆಸ್ಸೆಲ್ಸಿ ಆದಾಗ ಮೂರೇ ಮಾರ್ಕ್ಸಲ್ಲಿ ಫಸ್ಟ್ ಕ್ಲಾಸ್ ತಪ್ಪಿತು ಅಂತ ನಾನು ಕೇರಿಗೆಲ್ಲ ಹೇಳ್ಕಂಡು ಬಂದಿದ್ದೆ, ನೆನಪುಂಟಾ?"

ನೆನಪಿತ್ತು. 1991. ಶಿವಮೊಗ್ಗದ ಬಸ್ಸಿನಲ್ಲಿ ಬರುವ ಪತ್ರಿಕೆಯ ಕಟ್ಟಿಗಾಗಿ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕಾದು, ಸಣ್ಣ ಅಕ್ಷರದ ಸಂಖ್ಯೆಗಳ ನಡುವೆ ನನ್ನ ನಂಬರನ್ನು ಸೆಕೆಂಡ್ ಕ್ಲಾಸಿನ ಸಾಲಿನಲ್ಲಿ ಹುಡುಕಿದ್ದರು.

"ಮೂರಲ್ಲ, ಇಪ್ಪತ್ತಮೂರು," ಎಂದಳು ಅಮ್ಮ. "ನೀನು ಒಂದು ತಿಂಗಳು ನನ್ನ ಹತ್ರ ಸರಿಯಾಗಿ ಮಾತಾಡಿರ್ಲಿಲ್ಲ. ಯಾಕೆ ಅಂತ ನಂಗೆ ಆಮೇಲೆ ಗೊತ್ತಾಯ್ತು."

ಅದನ್ನು ಮಾತ್ರ ನಾನು ಮರೆತುಬಿಟ್ಟಿದ್ದೆ. ಮಗಳು ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ. "ಅಜ್ಜೀ, ನಮ್ಮನೇಲಿ ಇದು ಪರಂಪರೆನಾ?" ಎಂದಳು.

ಆಮೇಲೆ ದಾವಣಗೆರೆಗೆ ಮಾಡಿದೆ. ಮಗಳು ಕೈ ಚಾಚಿ ಫೋನು ತೆಗೆದುಕೊಂಡಳು. "ದೊಡ್ಡಮ್ಮ, ಎಪ್ಪತ್ತೆರಡು ಪಾಯಿಂಟ್ ನಾಲ್ಕು. ಅಮ್ಮ ನಿನ್ನೆ ಗಾಬರೀಲಿ ತಪ್ಪು ಹೇಳಿಬಿಟ್ಳು." ನನ್ನ ಮಾನ ಅವಳು ಕಾಪಾಡಿದಳು. ಹಿಂದಿನ ದಿನ ಅವಳ ಮಾನ ನಾನು ಕಾಪಾಡಿರಲಿಲ್ಲ.

ಆ ಕಡೆಯಿಂದ ಓರಗಿತ್ತಿ ಏನು ಅಂದುಕೊಂಡರೋ ತಿಳಿಯದು. "ಆತು ಬಿಡು, ಪಾಸಾತಲ್ಲ" ಎಂದರು. ಆಮೇಲೆ, "ಮುಂದೆ ಏನ್ ಓದ್ಬೇಕಂತ ಮಾಡೀಯವ್ವಾ?" ಎಂದು ಕೇಳಿದರು.

ಮಗಳು ಹೇಳತೊಡಗಿದಳು. ಹತ್ತು ನಿಮಿಷ ಹೇಳಿದಳು. ಅದರಲ್ಲಿ ಅರ್ಧದಷ್ಟು ನಾನು ಅವತ್ತೇ ಮೊದಲು ಕೇಳಿದ್ದು.