ವಕಾಲತ್ತು ಯಾರ ಕೈಗೆ?

ಸ್ತ್ರೀಪಾತ್ರಗಳನ್ನು ಗಂಡಸರೇ ಧರಿಸುತ್ತಿದ್ದ ಕಾಲದಲ್ಲಿ ನಟಿಯರನ್ನು ರಂಗಕ್ಕೆ ಕರೆತಂದವರಲ್ಲಿ ಗುಬ್ಬಿ ವೀರಣ್ಣನವರು ಅಗ್ರಗಣ್ಯರು. ಊರಿಗೆ ಊರೇ ಹೆಮ್ಮೆಪಡುವ ಸಂಗತಿಯಿದು. ಆದರೆ ನ್ಯಾಯಸ್ಥಾನವೆಂಬ ಮತ್ತೊಂದು ರಂಗದಲ್ಲಿ ಹೆಣ್ಣಿನ ಜೀವನಾಂಶ, ವಿಚ್ಛೇದನ, ಆಸ್ತಿಯ ಹಕ್ಕುಗಳನ್ನು ಕುರಿತ ಮಾತನ್ನು ಬಹುಮಟ್ಟಿಗೆ ಗಂಡಸರೇ ಆಡುತ್ತಿರುವುದು ಸುಶಿಕ್ಷಿತರಿಗೂ ವಿಚಿತ್ರವೆನಿಸುವುದಿಲ್ಲ. ಅಲ್ಪಸಂಖ್ಯಾತ ಸಮಾಜದ ಹೆಣ್ಣುಮಗಳು ಕರಿಯ ಕೋಟು ತೊಟ್ಟು ನಿಂತರೆ ಮಾತ್ರ ಎಲ್ಲರಿಗೂ ವಿಚಿತ್ರವೆನಿಸುತ್ತದೆ!

ಈ ಬಾಗಿಲನ್ನು ಮೊದಲು ತಟ್ಟಿದವರಾದರೂ ಯಾರು? ಯೆಹೂದಿ ಸಮಾಜದ ರೆಜಿನಾ ಗುಹಾ ಅವರ ಅರ್ಜಿಯನ್ನು ಕಲ್ಕತ್ತೆಯ ಹೈಕೋರ್ಟು 1916ರಲ್ಲಿ ತಳ್ಳಿಹಾಕಿತು. ಶಾಸನದಲ್ಲಿ ‘ವ್ಯಕ್ತಿ’ ಎಂದಿರುವ ಮಾತು ಹೆಂಗಸನ್ನು ಒಳಗೊಳ್ಳದಂತೆ! ಪಾರ್ಸಿ ಮೂಲದ ಕ್ರೈಸ್ತ ಮನೆತನದ ಕಾರ್ನೀಲಿಯಾ ಸೊರಾಬ್ಜಿಯವರು 1892ರಲ್ಲಿಯೇ ಆಕ್ಸ್‌ಫರ್ಡಿನ ನ್ಯಾಯಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಪದವಿ ಕೈಸೇರಿದುದು 1922ರಲ್ಲಿ. ಸ್ತ್ರೀಯರ ವಕೀಲಿಗೆ ಶಾಸನದ ಅನುಮತಿ ದೊರೆತುದು 1923ರಲ್ಲಿ. ಅಲ್ಪಸಂಖ್ಯಾತರ ಮನೆಯ ಹೆಣ್ಣುಮಕ್ಕಳು ತಟ್ಟಿ ತೆರೆಯಿಸಿದ ಬಾಗಿಲಲ್ಲಿ ಅವರ ಮೊಮ್ಮಕ್ಕಳೇ ಹೊರಗೆ ನಿಲ್ಲುವುದು ನ್ಯಾಯವೆ?

ಫಾತಿಮಾ ಬೀವಿಯವರು 1989ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪ್ರಥಮ ಮಹಿಳಾ ನ್ಯಾಯಮೂರ್ತಿಗಳಾಗಲಿಲ್ಲವೆ, ಇನ್ನಾವ ಅಡ್ಡಿಯುಂಟು ಎಂದು ಕೆಲವರು ಕೇಳುವರು. ಒಬ್ಬರು ಈಜಿ ದಾಟಿದರೆಂದು ಹೊಳೆಗೆ ಸೇತುವೆಯೇ ಬೇಡವೆನ್ನುವ ವಾದವಿದು. ಸನ್ನದು ಬೇರೆ, ವೃತ್ತಿ ಬೇರೆ. ಸನ್ನದನ್ನು ಕೊಡುವುದು ಕಾನೂನು. ವೃತ್ತಿಯನ್ನು ಕೊಡುವುದು ಹಿರಿಯ ವಕೀಲರ ಕಚೇರಿ ಮತ್ತು ಕಕ್ಷಿಗಾರರ ವಿಶ್ವಾಸ. ಇವೆರಡೂ ನಂಟು, ಜಾತಿ, ಪರಿಚಯಗಳ ಕಾಲುದಾರಿಯಲ್ಲಿಯೇ ನಡೆದುಬರುತ್ತವೆ. ಆ ದಾರಿಯಲ್ಲಿ ಹೆಣ್ಣಿಗೊಂದು ಬೇಲಿ, ಪರಧರ್ಮದವಳೆಂದು ಮತ್ತೊಂದು ಬೇಲಿ.

ಹಾಸನದ ನ್ಯಾಯವಾದಿ, ಲೇಖಕಿ ಬಾನು ಮುಷ್ತಾಕರು ಈ ಎರಡು ಬೇಲಿಗಳನ್ನೂ ಕಂಡವರು. ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕು ಸ್ತ್ರೀಯರಿಗೂ ಉಂಟೆಂದುದಕ್ಕೆ 2000ದಲ್ಲಿ ಸ್ವಸಮಾಜದವರು ಅವರಿಗೆ ಬಹಿಷ್ಕಾರ ಹಾಕಿದರು. 2025ರಲ್ಲಿ ಅವರ ಕನ್ನಡ ಕಥೆಗಳು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ತಂದವು. ಅದೇ ವರ್ಷ ಮೈಸೂರು ದಸರೆಯ ಉದ್ಘಾಟನೆಗೆ ಅವರು ಹಿಂದೂಗಳಲ್ಲವೆಂದು ಇತರರು ಕೋರ್ಟಿನ ಮೆಟ್ಟಲು ಹತ್ತಿದರು. ಹೈಕೋರ್ಟೂ ಸರ್ವೋಚ್ಚ ನ್ಯಾಯಾಲಯವೂ ಆ ಆಕ್ಷೇಪವನ್ನು ಮನ್ನಿಸಲಿಲ್ಲ. ಕೀರ್ತಿವಂತರ ಪಾಡೇ ಹೀಗಾದರೆ, ಸನ್ನದು ಪಡೆದು ತಾಲ್ಲೂಕು ಕೋರ್ಟಿನ ಮೊಗಸಾಲೆಯಲ್ಲಿ ಒಂಟಿಯಾಗಿ ಕುಳಿತ ಎಳೆಯ ವಕೀಲೆಯ ಪಾಡೇನು?

ಕರ್ಣಾಟಕದ ಜಿಲ್ಲಾ ವಕೀಲರ ಸಂಘಗಳಲ್ಲಿ ಮಹಿಳೆಯರಿಗೆ ಸ್ಥಾನಗಳನ್ನು ಮೀಸಲಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಆದೇಶಿಸಿತು. ಒಳ್ಳೆಯದೇ ಆಯಿತು. ಆದರೆ ಸಂಘದ ಕುರ್ಚಿಯನ್ನು ಆದೇಶದಿಂದ ಕೊಡಿಸಬಹುದು. ಕಕ್ಷಿಗಾರರ ಸಹಿಯನ್ನು ಯಾವ ನ್ಯಾಯಾಲಯ ಕೊಡಿಸಬಲ್ಲದು? ಅದು ಗೃಹಸ್ಥರ ಕೈಯಲ್ಲಿರುವ ವಸ್ತು. ಮಗಳನ್ನು ಕಾನೂನು ಓದಿಸಿ ಮದುವೆಯ ನೆವದಿಂದ ಸನ್ನದನ್ನು ಪೆಟ್ಟಿಗೆಯಲ್ಲಿರಿಸುವ ಮುಸ್ಲಿಂ ಮನೆಯೂ, ಅವಳ ಹೆಸರನ್ನು ಕೇಳಿದೊಡನೆ ಬೇರೆ ವಕೀಲರನ್ನು ಹುಡುಕುವ ಹಿಂದೂ ಮನೆಯೂ ಒಂದೇ ಅಪರಾಧದಲ್ಲಿ ಪಾಲುಗಾರರು. ಸಭೆಯಲ್ಲಿ ಸಮಾನತೆಯನ್ನು ಕುರಿತು ಭಾಷಣ ಮಾಡುವ ಮಹನೀಯರು ತಮ್ಮ ಜಮೀನಿನ ಒಂದು ವ್ಯಾಜ್ಯದ ವಕಾಲತ್ತನ್ನು ಅವಳ ಕೈಗಿತ್ತು ನೋಡಲಿ. ಅವರ ಭಾಷಣದ ಬೆಲೆ ಅಂದೇ ತಿಳಿಯುವುದು.